ಕುಡಿಯದೆ ಇಟ್ಟ ಬಟ್ಟಲು

ತುರ್ಫಾ ವಿಜ್ಞಾನಕ್ಕೆ ಅಡ್ಡ ಬಂದಳೆಂದು ರಾಜಧಾನಿಯ ಪತ್ರಿಕೆಯೊಂದು ಬರೆದಿದೆ. ಶುದ್ಧ ಸುಳ್ಳು! ಮರುಭೂಮಿಯ ಮಆನ್ ಸೀಮೆಯಲ್ಲಿ ಉಪಾಧ್ಯಾಯನಾಗಿದ್ದು ನಿವೃತ್ತನಾದ ನಾನು ಎರಡು ದಿನವೂ ಸ್ಥಳದಲ್ಲಿದ್ದೆ. ನಡೆದದ್ದು ಹೀಗೆ.

ತುರ್ಫಾ ನಮ್ಮ ಕುಲದವಳು, ಮೇಕೆ ಸಾಕುವ ವಿಧವೆ. ಮೊಮ್ಮಗಳು ನೌಫ್‌ಗೆ ಹುಟ್ಟಿನಿಂದ ಕಿವಿ ಕೇಳದು. ಅವಳ ಮಾತು, ಜಗಳ ಎಲ್ಲವೂ ಕೈಸನ್ನೆಯಲ್ಲೇ. ನಮ್ಮಲ್ಲಿ ಅಂಥವರು ಹಲವರಿರುವುದರಿಂದ ಆ ಸನ್ನೆ ಎಲ್ಲರಿಗೂ ಬರುತ್ತದೆ. ನೌಫ್‌ಗೆ ಮದುವೆ ನಿಶ್ಚಯವಾಗಿತ್ತು. ಹುಟ್ಟುವ ಮಕ್ಕಳಿಗೆ ಕಿವಿ ಕೇಳುವುದೇ ಎಂಬ ಚಿಂತೆ ಅವಳನ್ನು ಕೊರೆಯುತ್ತಿತ್ತು.

ಕಿವುಡಿನ ಮೂಲ ಹುಡುಕಲು ರಾಜಧಾನಿ ಅಮ್ಮಾನಿನಿಂದ ಡಾಕ್ಟರ್ ನಿಝಾರ್ ಬಂದರು. ನಮ್ಮ ಕುಲದ ಮುಖ್ಯಸ್ಥ ಶೇಖ್ ದುಹೈಮಾನರ ಡೇರೆಯಲ್ಲಿ ಕಾಫಿಯ ಬಟ್ಟಲನ್ನು ಕುಡಿಯದೆ ನೆಲಕ್ಕಿಟ್ಟರು. ಹಾಗಿಟ್ಟ ಅತಿಥಿಗೆ ಏನೋ ಕೋರಿಕೆಯಿದೆ ಎಂದು ನಮ್ಮಲ್ಲಿ ಅರ್ಥ.

“ಕುಡೀರಿ ಡಾಕ್ಟ್ರೇ, ಕೇಳಿದ್ದು ಕೊಟ್ಟಾಯ್ತು!” ಎಂದುಬಿಟ್ಟರು ಶೇಖ್, ಕೋರಿಕೆ ಏನೆಂದು ವಿಚಾರಿಸುವ ಮೊದಲೇ.

ಡಾಕ್ಟರು ಇಡೀ ಕುಲದ ರಕ್ತ ಕೇಳಿದರು. ಬಟ್ಟಲು ಇಟ್ಟದ್ದು ಬೆರಳು ಸುಟ್ಟಿದ್ದರಿಂದ ಎಂಬುದನ್ನು ಆಮೇಲೆ ನಗುತ್ತ ತಾವೇ ಹೇಳಿದರು. ಒಬ್ಬರ ಬಾಯಿ, ಒಂದು ಕುಲದ ಒಪ್ಪಿಗೆ! ವಿದ್ಯಾವಂತರು ಇದನ್ನು ಸಮ್ಮತಿ ಎಂದು ಕರೆದರು.

ಮರುದಿನ ತುರ್ಫಾ ನೌಫ್‌ಳ ಕೈ ಹಿಡಿದು ಡಾಕ್ಟರ ಡೇರೆಗೆ ನುಗ್ಗಿದಳು, ಹಿಂದೆ ನಾವೆಲ್ಲ. ಡಾಕ್ಟರು ಕೊಟ್ಟ ಕಾಫಿಯನ್ನು ಸೂಜಿಗಳ ಮೇಜಿನ ಮೇಲೆ ಇಟ್ಟಳು.

“ಕುಡಿಯಮ್ಮ, ಆರಿಹೋಗುತ್ತೆ,” ಎಂದರು ಡಾಕ್ಟರು.

“ಆರಲಿ. ನೀವು ಇಟ್ಟಿದ್ದು ಬೆರಳು ಸುಟ್ಟು, ನಾನು ಇಟ್ಟಿದ್ದು ಹೊಟ್ಟೆ ಉರಿದು.”

“ನನ್ನ ಮಾತಿಗೆ ಬೆಲೆ ಇಲ್ವೇನೇ ತುರ್ಫಾ?” ಶೇಖ್ ಗುಡುಗಿದರು.

“ಇದೆ ಕಣಣ್ಣ. ನಿನ್ನ ರಕ್ತ ಕೊಡು, ಬಕೆಟ್ ನಾನೇ ಹಿಡೀತೀನಿ. ಇವಳದ್ದು ನಿನ್ನ ಮೈಯಲ್ಲಿ ಹರಿಯಲ್ವಲ್ಲ!”

ಡೇರೆ ನಗೆಯಿಂದ ಅಲುಗಿತು; ಶೇಖರೂ ಮೀಸೆಯಡಿ ನಕ್ಕರು.

“ಏನು ನಿನ್ನ ಕೋರಿಕೆ?” ಡಾಕ್ಟರು ಕೇಳಿದರು.

“ಒಬ್ಬೊಬ್ಬರನ್ನೂ ಎದುರು ಕೂತು ಕೇಳಿ. ಗೊತ್ತಾಗಿದ್ದನ್ನ ಮೊದಲು ಇವಳಿಗೆ ಹೇಳಿ. ತಿರುಗಿ ಬಂದು ನಮಗೆ ತಿಳಿಸೋ ಯೋಚನೆಯಾದ್ರೂ ನಿಮಗಿತ್ತಾ?”

ಡಾಕ್ಟರು ತಲೆ ತಗ್ಗಿಸಿದರು. “ಇರಲಿಲ್ಲ.” ಸುಳ್ಳು ಹೇಳಲಿಲ್ಲ, ಅದನ್ನೂ ದಾಖಲಿಸುತ್ತೇನೆ. ಬಳಿಕ ಬಟ್ಟಲನ್ನು ಎರಡೂ ಕೈಯಲ್ಲೆತ್ತಿ ಕೊಟ್ಟರು: “ಕುಡಿಯಮ್ಮ. ಕೇಳಿದ್ದು ಕೊಟ್ಟಾಯ್ತು.”

ನಾವು ಕುಣಿದಾಡುವುದೊಂದು ಬಾಕಿ! ಡಾಕ್ಟರು ನೌಫ್‌ಳೆದುರು ಚಾಪೆಯ ಮೇಲೆ ಕುಳಿತು, ರಕ್ತ ಏಕೆ ಬೇಕು, ಅದರಿಂದ ಏನು ತಿಳಿಯಬಹುದು, ಏನು ತಿಳಿಯದೆ ಹೋಗಬಹುದು ಎಂದು ವಿವರಿಸಿದರು. ತುರ್ಫಾ ಬಟ್ಟಲನ್ನು ಪಕ್ಕಕ್ಕಿಟ್ಟು ಅದನ್ನೆಲ್ಲ ಸನ್ನೆಗಿಳಿಸಿದಳು. ನೌಫ್ ಏನೇನೋ ಕೇಳಿದಳು, ಉತ್ತರ ಪಡೆದಳು, ಕೊನೆಗೆ ಬಟ್ಟಲಿನತ್ತ ಬೆರಳು ಮಾಡಿ ಸನ್ನೆ ಮಾಡಿದಳು.

“ಏನಂತಾಳೆ?” ಡಾಕ್ಟರ ಕಾತರ.

“ಅಜ್ಜಿಯ ಕಾಫಿ ಆರಿಹೋಗಿದೆ, ಬೇರೆ ಬಿಸಿಯದು ಕೊಡಿ ಅಂತಾಳೆ,” ಎಂದಳು ತುರ್ಫಾ.

ಅಷ್ಟರಲ್ಲಿ ನೌಫ್ ತಾನೇ ಅಂಗಿಯ ತೋಳನ್ನು ಮೇಲಕ್ಕೆ ಮಡಚುತ್ತಿದ್ದಳು.