ಬಲಗೈಗೆ ಏರದ ಬಳೆ

ಟೆನಿಸ್ ಆಡಿ ಬೆಳೆದವರ ಒಂದು ಕೈ ಇನ್ನೊಂದಕ್ಕಿಂತ ದಪ್ಪಗಿರುತ್ತದೆ. ಆಡುವವರಿಗೆಲ್ಲ ಇದು ಗೊತ್ತು. ನಮಗೆ ಬೀಗರಾಗಬೇಕಿದ್ದ ಮನೆಯ ಹೆಂಗಸರಿಗೆ ಗೊತ್ತಿರಲಿಲ್ಲ, ಅಷ್ಟೇ. ಇಷ್ಟು ಸಣ್ಣ ಕಾರಣಕ್ಕೆ ನನ್ನ ಆಟ ನಿಂತುಹೋಯಿತು ಎಂದರೆ ಈಗಿನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ನನಗೆ ಇವತ್ತಿಗೂ ನಗು ಬಂದಿಲ್ಲ.

ಅಪ್ಪ ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಆವತಿಯಲ್ಲಿ ಹೊಲ ಮನೆ ಇದ್ದ ಒಕ್ಕಲು ಮನೆತನದಲ್ಲಿ ಓದಿ ಸಂಬಳಕ್ಕೆ ಸೇರಿದವರಲ್ಲಿ ಅವರೇ ಮೊದಲಿಗರು. ಸಂಜೆಯಾದರೆ ಆಫೀಸರುಗಳ ಕ್ಲಬ್ಬಿಗೆ ಹೋಗಿ ಅಮಲ್ದಾರರು, ಮುನ್ಸೀಫರ ಜೊತೆ ಟೆನಿಸ್ ಆಡುತ್ತಿದ್ದರು. ಕ್ಲಬ್ಬು ಅಂದರೆ ಮಹಾ ಏನಲ್ಲ. ಹೆಂಚಿನ ಒಂದು ಕೋಣೆ, ಎರಡು ಬೇವಿನ ಮರ, ಹುತ್ತದ ಮಣ್ಣು ಬಡಿದು ಸಗಣಿ ಸಾರಿಸಿದ ಒಂದು ಕೋರ್ಟು. ಒಂದು ದಿನ ಆಟಕ್ಕೆ ನಾಲ್ಕನೆಯವರು ಬರಲಿಲ್ಲ. ಜೊತೆಗೆ ಬಂದಿದ್ದ ಎಂಟು ವರ್ಷದ ನನ್ನನ್ನು ಅಪ್ಪ ತಮಾಷೆಗೆ ನಿಲ್ಲಿಸಿಕೊಂಡರು. ನಾನು ಹೊಡೆದ ಒಂದು ಚೆಂಡು ಅಮಲ್ದಾರರ ಕಾಲ ಸಂದಿಯಲ್ಲಿ ಹಾದುಹೋಯಿತು.

"ಇವ್ಳ ಕೈಲಿ ಏಟಿದೆ ಕಣ್ರೀ!" ಎಂದು ಅಪ್ಪ ಕೂಗಿದರು. ಮಾರನೆಯ ದಿನವೇ ಹಳೆಯ ರಾಕೆಟ್ಟಿನ ಹಿಡಿಯನ್ನು ಬಡಗಿಯ ಹತ್ತಿರ ಕುಯ್ಯಿಸಿ ನನಗೆ ಗಿಡ್ಡ ಮಾಡಿಸಿದರು.

ಅಲ್ಲಿಂದ ಮುಂದೆ ಬೆಳಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಗಂಟೆ ನನಗೆ ಮೀಸಲು. ಆಚೆ ಅಂಕಣದ ಮೂಲೆಯಲ್ಲಿ ಒಂದು ಮೊರ ಇಟ್ಟು, ಇಲ್ಲಿಂದ ಸರ್ವ್ ಮಾಡಿ ಹತ್ತು ಸಲ ಅದಕ್ಕೆ ತಗುಲಿಸಬೇಕು. ತಗುಲಿಸುವ ತನಕ ತಿಂಡಿ ಇಲ್ಲ. ಯುದ್ಧದ ಕಾಲ, ಹೊಸ ಚೆಂಡು ಎಲ್ಲಿಯೂ ಸಿಗುತ್ತಿರಲಿಲ್ಲ. ಕೂದಲೆಲ್ಲ ಉದುರಿ ಬೋಳಾದ ಚೆಂಡುಗಳನ್ನೇ ತೊಳೆದು ಒಣಗಿಸಿ ಆಡುತ್ತಿದ್ದೆವು. ಅಮ್ಮನಿಗೆ ಇದ್ಯಾವುದೂ ಸರಿಬೀಳುತ್ತಿರಲಿಲ್ಲ. "ಹೆಣ್ಮಗೂನ ಗಂಡುಬೀರಿ ಮಾಡಿಟ್ಬಿಟ್ರಿ, ನಾಳೆ ಯಾರು ಮಾಡ್ಕೋತಾರೆ?" ಎಂದು ಮೊರ ಹುಡುಕುವಾಗೆಲ್ಲ ಬಯ್ಯುತ್ತಿದ್ದಳು. ಮನೆಯಲ್ಲಿದ್ದುದು ಒಂದೇ ಮೊರ, ಅದೂ ಸಗಣಿ ಮೆತ್ತಿಕೊಂಡು ಬರುತ್ತಿತ್ತು.

ಹದಿನಾಲ್ಕಕ್ಕೆ ಬಂದಾಗ ಕ್ಲಬ್ಬಿನಲ್ಲಿ ನನ್ನನ್ನು ಸೋಲಿಸುವವರು ಯಾರೂ ಉಳಿಯಲಿಲ್ಲ. ಮುನ್ಸೀಫರು ನನ್ನ ಕೈಲಿ ಸೋತು ಒಂದು ವಾರ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಹದಿನಾರಕ್ಕೆ ಅಪ್ಪ ನನ್ನನ್ನು ಬೆಂಗಳೂರಿನ ಹೆಂಗಸರ ಪಂದ್ಯಕ್ಕೆ ಕರೆದುಕೊಂಡು ಹೋದರು. ಬಿಳಿ ಸೀರೆಗೆ ಕಚ್ಚೆ ಹಾಕಿ ನಾನು ಕೋರ್ಟಿಗೆ ಇಳಿದಾಗ ದಂಡಿನ ಕಡೆಯ ದೊರೆಸಾನಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗ್ತೀಯಾ, ತಡಿ, ಅಂದುಕೊಂಡೆ. ಎರಡನೆಯ ಸೆಟ್ಟಿನಲ್ಲಿ ಅವಳಿಗೆ ಒಂದೇ ಒಂದು ಗೇಮು ಬಿಟ್ಟುಕೊಟ್ಟೆ, ಅದೂ ಹೋಗಲಿ ಪಾಪ ಅಂತ. ಆ ವರ್ಷ ಕಪ್ಪು ನನ್ನದಾಯಿತು. ಮರುವರ್ಷವೂ ನನ್ನದೇ. ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ "ನಮ್ಮುಡುಗಿ ಗೆದ್ದಿದ್ದು" ಎಂದು ಹೇಳುತ್ತಾ ಬಂದರು.

ಎರಡನೆಯ ಸಲ ಗೆದ್ದ ಮೇಲೆ ಮದರಾಸಿನಿಂದ ಕಾಗದ ಬಂತು. ದೇಶದ ದೊಡ್ಡ ದೊಡ್ಡ ಆಟಗಾರ್ತಿಯರೆಲ್ಲ ಸೇರುವ ಪಂದ್ಯ, ನೀವೂ ಬರಬೇಕು ಎಂದು. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದೇಹೋಯಿತು. ನನಗೆ ಬೇಕಿದ್ದದ್ದು ಅದೊಂದೇ. ಅಲ್ಲಿ ಗೆಲ್ಲುತ್ತೇನೆಂಬ ಜಂಬವೇನೂ ಇರಲಿಲ್ಲ. ನನಗಿಂತ ಚೆನ್ನಾಗಿ ಆಡುವವಳ ಎದುರು ನಿಂತು ನಾನು ಎಷ್ಟರವಳು ಎಂದು ನೋಡಿಕೊಳ್ಳಬೇಕಿತ್ತು.

ಅದೇ ಹೊತ್ತಿಗೆ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಿಂದ ಸಂಬಂಧ ಬಂತು. ಹುಡುಗ ಬಿ.ಎ. ಓದಿ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ. ಹೆಣ್ಣು ನೋಡಲು ಬಂದಾಗ ಎಲ್ಲರ ಎದುರಿಗೇ, "ಮದ್ವೆ ಆದ್ಮೇಲೂ ಆಡ್ಲಿ ಬಿಡಿ, ನನ್ದೇನೂ ಅಭ್ಯಂತ್ರ ಇಲ್ಲ" ಎಂದ. ಆ ಮಾತಿಗೇ ನಾನು ಒಪ್ಪಿದ್ದು. ಮದರಾಸಿನ ಪಂದ್ಯ ಮುಗಿದ ಮೇಲೆ ಮದುವೆ ಎಂದು ಮಾತಾಯಿತು. ಎರಡೂ ಸಿಗುತ್ತವೆ ಎಂದು ಕುಣಿದಾಡಿಬಿಟ್ಟೆ, ಪೆದ್ದಿ.

ಪಂದ್ಯಕ್ಕೆ ಇನ್ನೂ ಒಂದೂವರೆ ತಿಂಗಳಿರುವಾಗ ಒಪ್ಪಿಗೆ ಶಾಸ್ತ್ರ ಇಟ್ಟುಕೊಂಡರು. ಗಂಡಿನ ಕಡೆಯ ಹೆಂಗಸರು ಬಂದು ಹೆಣ್ಣಿಗೆ ಹಸಿರು ಬಳೆ ತೊಡಿಸುವುದು ನಮ್ಮಲ್ಲಿ ಪದ್ಧತಿ. ಬಳೆಗಾರ ಚಾಪೆಯ ಮೇಲೆ ಮಲಾರ ಬಿಚ್ಚಿ ಕೂತ. ಎಡಗೈಗೆ ಎರಡೂಕಾಲು ಅಂಗುಲದ ಬಳೆ ಸಲೀಸಾಗಿ ಹೋಯಿತು. ಬಲಗೈಗೆ ಹೆಬ್ಬೆರಳ ಬುಡದಲ್ಲೇ ನಿಂತಿತು. ಅವನು ಒತ್ತಿದ, ಒಂದು ಒಡೆಯಿತು. ಸೋಪು ಹಚ್ಚಿ ಒತ್ತಿದ, ಇನ್ನೊಂದು ಒಡೆಯಿತು. ಶಾಸ್ತ್ರದ ಬಳೆ ಒಡೆದರೆ ಹೆಂಗಸರ ಮುಖ ಹೇಗಾಗುತ್ತದೆಂದು ನಾನು ಹೇಳಬೇಕಿಲ್ಲ.

"ಈ ಕೈಗೆ ಎರಡೂವರೆ ಬೇಕಾಯ್ತದೆ ತಾಯಿ. ಆ ಕೈಯೇ ಬ್ಯಾರೆ, ಈ ಕೈಯೇ ಬ್ಯಾರೆ" ಎಂದ ಬಳೆಗಾರ. ಅವನದೇನು ತಪ್ಪು, ಇದ್ದದ್ದನ್ನು ಹೇಳಿದ.

ಹುಡುಗನ ತಾಯಿ ನನ್ನ ಎರಡೂ ತೋಳನ್ನು ಚಾಚಿಸಿ, ಜೋಡಿಸಿ, ಮೊಣಕೈ ತನಕ ಹಿಸುಕಿ ನೋಡಿದರು. "ಬಲಗಡೆ ಊದ್ಕೊಂಡದಲ್ಲವ್ವಾ! ಆನೆಕಾಲು ರೋಗ ಕೈಗೂ ಬತ್ತದಂತೆ" ಎಂದರು.

ಅಪ್ಪ ಒಳಗಿನಿಂದ ಓಡಿ ಬಂದು, ಇದು ಆಟದಿಂದ ಬಂದ ಮೈಕಟ್ಟು, ರೋಗವಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಆಕೆ ಕೇಳಲಿಲ್ಲ. "ನೀವು ಡಾಕ್ಟ್ರು, ಹಂಗೇ ಹೇಳ್ತೀರ. ಕೈ ಸರಿಹೋಗ್ಲಿ, ಆಮ್ಯಾಕೆ ನೋಡಾಣ" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು.

ವಾರ ಕಳೆಯುವಷ್ಟರಲ್ಲಿ ಊರಿಗೆಲ್ಲ ಸುದ್ದಿ. ಡಾಕ್ಟರ ಮಗಳಿಗೆ ಕೈಯಲ್ಲಿ ರೋಗವಂತೆ, ಸ್ವಂತ ಅಪ್ಪನಿಗೇ ವಾಸಿ ಮಾಡಕ್ಕಾಗಿಲ್ಲವಂತೆ. ಮಗ್ಗದ ಬೀದಿಯಿಂದ ಔಷಧಿಗೆ ಬಂದ ಮುದುಕಿಯೊಬ್ಬಳು ಆಸ್ಪತ್ರೆಯಲ್ಲಿ ಹತ್ತು ಜನರ ನಡುವೆ ಅಪ್ಪನನ್ನು ಸಮಾಧಾನ ಮಾಡಿದಳಂತೆ. ಅಮ್ಮ ಅನ್ನ ಬಿಟ್ಟು ಮಲಗಿದಳು. ಅಪ್ಪ ಅಲ್ಲಿಯ ತನಕ ಗಟ್ಟಿಯಾಗಿದ್ದವರು, ಆ ಮುದುಕಿಯ ಮಾತಿಗೆ ಕುಸಿದುಬಿಟ್ಟರು.

ಮಾರನೆಯ ಬೆಳಗ್ಗೆ ಆಸ್ಪತ್ರೆಯಿಂದ ಒಂದು ಡಬ್ಬಿ ತಂದರು. ಮೂಳೆ ಮುರಿದವರಿಗೆ ಹಾಕುವ ಪ್ಲಾಸ್ಟರು. ನನ್ನನ್ನು ಎದುರಿಗೆ ಕೂರಿಸಿಕೊಂಡು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡರು.

"ಅಪ್ಪಾ, ನನ್ ಕೈ ಮುರಿದಿಲ್ವಲ್ಲ."

"ಮೂರು ತಿಂಗ್ಳು ಕಣಮ್ಮಾ. ಅಲ್ಲಾಡಿಸ್ದೆ ಇಟ್ರೆ ಇಳಿಯುತ್ತೆ."

"ಮದ್ರಾಸು?"

"ಮುಂದಿನ್ ವರ್ಷ ಹೋಗೋಣ."

"ಆಮೇಲೆ ಕೈ ಮೊದ್ಲಿನ್ ಥರ ಬರುತ್ತಾ?"

ಅವರು ಪಟ್ಟಿ ನೆನೆಸುತ್ತಲೇ, ಮುಖ ಎತ್ತದೆ, "ಬರುತ್ತೆ" ಎಂದರು.

ಕೈ ಕಿತ್ತುಕೊಳ್ಳಬಹುದಿತ್ತು. ಆ ಕೈಯಲ್ಲಿ ಎಷ್ಟು ಬಲವಿತ್ತೆಂದು ನನಗಿಂತ ಅಪ್ಪನಿಗೇ ಚೆನ್ನಾಗಿ ಗೊತ್ತಿತ್ತು. ನಾನು ಕಿತ್ತುಕೊಳ್ಳಲಿಲ್ಲ. ಬೆರಳ ತುದಿಯಿಂದ ಮೊಣಕೈ ದಾಟುವ ತನಕ ಅವರು ಸುತ್ತಿದರು, ನಾನು ನೋಡುತ್ತಾ ಕೂತೆ. ಅಪ್ಪನ ಮೇಲೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಸುಮ್ಮನೆ ಕೂತ ಆ ಹುಡುಗಿಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ಯಾರ ಕಣ್ಣಿಗೂ ಬೀಳದಿರಲೆಂದು ನನ್ನನ್ನು ಆವತಿಯ ಅಜ್ಜನ ಮನೆಗೆ ಕಳಿಸಿದರು. ಅಲ್ಲಿಯವರಿಗೆ ಬಿದ್ದು ಕೈ ಮುರಿದುಕೊಂಡಳು ಎಂದು ಹೇಳಿದ್ದಾಯಿತು, ಬೀಗರಿಗೆ ಮುಲಾಮು ಹಚ್ಚುತ್ತಿದ್ದೇವೆ ಎಂದು. ನಿಜವನ್ನು ಗಂಡನ ಮನೆಯಲ್ಲಿ ಎಂದೆಂದಿಗೂ ಬಾಯಿಬಿಡಕೂಡದೆಂದು ಅಮ್ಮ ನನ್ನ ಕೈಯನ್ನು, ಆ ಎಡಗೈಯನ್ನು, ತನ್ನ ತಲೆಯ ಮೇಲಿಡಿಸಿಕೊಂಡು ಆಣೆ ಮಾಡಿಸಿದಳು. ಮೂರು ತಿಂಗಳು ಎಡಗೈಯಲ್ಲಿ ಮುದ್ದೆ ಮುರಿದು ತಿಂದೆ. ಪ್ಲಾಸ್ಟರಿನೊಳಗೆ ಕಡಿತ ಬಂದರೆ ತೆಂಗಿನ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಮದರಾಸಿನ ಪಂದ್ಯದ ವಾರ ಸ್ಕೂಲು ಮೇಷ್ಟರ ಮನೆಗೆ ಬರುವ ಪೇಪರನ್ನು ದಿನಾ ಹೋಗಿ ನೋಡುತ್ತಿದ್ದೆ. ನಾನು ಒಂದೇ ಗೇಮು ಬಿಟ್ಟುಕೊಟ್ಟಿದ್ದೆನಲ್ಲ, ಆ ದೊರೆಸಾನಿ ಅಲ್ಲಿ ಸೆಮಿಫೈನಲ್ ತನಕ ಹೋಗಿದ್ದಳು. ಮೇಷ್ಟರ ಹೆಂಡತಿ, "ಯಾಕವ್ವಾ ಅಳ್ತೀಯ, ಕೈ ನೋವಾ?" ಎಂದು ಕೇಳಿದರು. ಹೂಂ ಎಂದೆ.

ದೊಡ್ಡಬಳ್ಳಾಪುರಕ್ಕೆ ವಾಪಸು ಕರೆಸಿಕೊಂಡು ಅಪ್ಪ ಪ್ಲಾಸ್ಟರು ಬಿಚ್ಚಿದಾಗ ಒಳಗಿನಿಂದ ಬಂದದ್ದು ಯಾರದೋ ಕೈ. ಬಿಳಿಚಿ, ಸಿಪ್ಪೆ ಎದ್ದು, ಹೆಬ್ಬೆರಳ ಬುಡ ಬತ್ತಿಹೋಗಿತ್ತು. ಅಮ್ಮ ಎರಡೂಕಾಲಿನ ಬಳೆ ಹಿಡಿದುಕೊಂಡೇ ನಿಂತಿದ್ದಳು. ಸೋಪಿಲ್ಲದೆ ಏರಿತು. "ಹೋಯ್ತು! ನೋಡ್ರೀ, ಹೋಯ್ತು!" ಎಂದು ಸಂತೋಷಕ್ಕೆ ಅತ್ತು, ಅಕ್ಕಪಕ್ಕದವರಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ಕೈ ತೊಳೆದುಕೊಂಡು ಆಸ್ಪತ್ರೆಗೆ ಹೋದರು. ಹದಿನೈದು ದಿನಕ್ಕೆ ಮದುವೆ ಆಯಿತು.

ನಮ್ಮ ಮನೆಯವರು ಕೆಟ್ಟವರಲ್ಲ. ಕೊಟ್ಟ ಮಾತಿನಂತೆ ನಡೆದುಕೊಂಡರು. ಅತ್ತೆಯ ಮನೆಯಿಂದ ಬೆಂಗಳೂರಿಗೆ ಬಂದು ಸಂಸಾರ ಹೂಡಿದ ಮೇಲೆ ಒಂದು ಭಾನುವಾರ ಯಾರದೋ ರಾಕೆಟ್ಟು ಕೇಳಿ ತಂದು, "ಬಾ, ನಮ್ ಆಫೀಸ್ನೋರ್ಗೆಲ್ಲಾ ಹೇಳಿದ್ದೀನಿ, ಚಾಂಪಿಯನ್ ಕರ್ಕೊಂಡು ಬರ್ತೀನಿ ಅಂತ" ಎಂದು ಹೊರಡಿಸಿದರು. ಕೋರ್ಟಿನ ಸುತ್ತ ಅವರ ಸ್ನೇಹಿತರು ಏಳೆಂಟು ಜನ ನಿಂತಿದ್ದರು. ಎದುರಿಗೆ ಒಬ್ಬ ಹೊಟ್ಟೆ ಬಂದ ಗುಮಾಸ್ತ.

ಮೊದಲನೆಯ ಸರ್ವ್ ನೆಟ್ಟಿನ ಈಚೆಯೇ ಬಿತ್ತು. ಎರಡನೆಯದೂ ಬಿತ್ತು. ಅವನು ಮೆತ್ತಗೆ ಹಾಕಿದ ಚೆಂಡು ತಗುಲಿದ ಏಟಿಗೇ ರಾಕೆಟ್ಟು ನನ್ನ ಹಿಡಿತದಲ್ಲಿ ತಿರುಗಿಹೋಯಿತು. ಕಣ್ಣು ಸರಿಯಾಗೇ ನೋಡುತ್ತಿತ್ತು, ಕಾಲು ಸರಿಯಾದ ಜಾಗಕ್ಕೇ ಹೋಗುತ್ತಿತ್ತು, ಕೈ ಮಾತ್ರ ಬರಲಿಲ್ಲ. ಗುಮಾಸ್ತ ಒಂದೂ ಗೇಮು ಸೋಲದೆ ಗೆದ್ದು, ಮುಜುಗರದಿಂದ ಬೆವರು ಒರೆಸಿಕೊಂಡ. ನಿಂತಿದ್ದವರು ಒಬ್ಬೊಬ್ಬರೇ ಹೊರಟರು.

ಮನೆಗೆ ನಡೆದು ಬರುವಾಗ ನಮ್ಮ ಮನೆಯವರು ರಾಕೆಟ್ಟನ್ನು ತಾವೇ ಹಿಡಿದುಕೊಂಡರು. ಆಮೇಲೆ, ನನಗೆ ನೋವಾಗದಿರಲಿ ಎಂದೇ, ಮೆತ್ತಗೆ ಹೇಳಿದರು: "ಬೇಜಾರ್ ಮಾಡ್ಕೋಬೇಡ. ಆಗ ನಿನ್ನೆದ್ರಿಗೆ ಆಡೋಕೆ ಬಂದೋರು ಯಾರೂ ಸರ್ಯಾಗಿರ್ಲಿಲ್ಲ ಅನ್ಸುತ್ತೆ. ಅದ್ಕೇ ಗೆದ್ದಿದ್ದೀಯ."

ಅಮ್ಮನ ತಲೆ ಮುಟ್ಟಿ ಮಾಡಿದ ಆಣೆ ಇತ್ತು. "ಇರ್ಬೇಕು" ಎಂದೆ.