ಕೊಲ್ಲಿಗೆ ಹೋಗದ ಅಕ್ಕಿ

ಅವ್ವ ತೀರಿಕೊಂಡ ಮೇಲೆ ಸುರಪುರದ ಮನೆಯಲ್ಲಿ ಒಬ್ಬಳೇ ಇರಲಾಗದೆ ನಾನು ಒಪ್ಪಿಕೊಂಡ ಕೆಲಸ ಅದು. ನಮ್ಮ ಭಾಗದ ಅಕ್ಕಿ ಹೊರದೇಶಕ್ಕೆ ಹೋಗುವಾಗ ಎಲ್ಲೆಲ್ಲಿ ತಡೆ ಬೀಳುತ್ತದೆ, ಎಷ್ಟು ಬೀಳುತ್ತದೆ ಎಂದು ಅಳೆಯುವ ಒಂದು ಅಧ್ಯಯನ. ಅರ್ಥಶಾಸ್ತ್ರ ಓದಿದ್ದೆ, ಊರ ಮಾತು ಬರುತ್ತಿತ್ತು. ಅಧ್ಯಯನ ನಡೆಸುವವರಿಗೆ ಅಷ್ಟು ಸಾಕಾಯಿತು. ಹುಣಸಗಿಯಲ್ಲಿ ಒಂದು ಕೋಣೆ ಹಿಡಿದು ಶಹಾಪುರ, ಯಾದಗಿರಿವರೆಗೂ ಅಕ್ಕಿ ಮಿಲ್ಲುಗಳಿಗೆ ಬಸ್ಸಿನಲ್ಲಿ ತಿರುಗುತ್ತಿದ್ದೆ.

ಎಲ್ಲ ಕಡೆಯೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಯಾವ ದೇಶಕ್ಕೆ ಕಳಿಸುತ್ತೀರಿ? ಅಲ್ಲಿ ಸುಂಕ ಎಷ್ಟು? ಬೆಳೆಗೆ ಹೊಡೆದ ಔಷಧದ ಅಂಶ ಉಳಿದಿದೆ ಎಂದು ಯಾರಾದರೂ ವಾಪಸು ಕಳಿಸಿದ್ದಾರೆಯೇ? ಬಂದರಿನಲ್ಲಿ ಎಷ್ಟು ಕಾಯಿಸುತ್ತಾರೆ? ಉತ್ತರ ನೋಡಿ ಪ್ರತಿ ತಡೆಗೂ ಒಂದು ಅಂಕ ಕೊಡಬೇಕು. ಮಿಲ್ಲಿನವರು ಚಹಾ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿ ಕಳಿಸುತ್ತಿದ್ದರು. ದಿನವಿಡೀ ಕೇಳಿದವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಸಂಜೆ ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿಯನ್ನು ಮೊಬೈಲ್ ನೋಡುತ್ತ ತಿಂದು ಮಲಗುತ್ತಿದ್ದೆ.

ಹುಣಸಗಿ ಹೊರಗಿನ ಒಂದು ಮಿಲ್ಲಿಗೆ ಎರಡನೇ ಸಲ ಹೋದ ದಿನ ಮಾಲೀಕರು ಸುಮ್ಮನೆ ಕೂತಿದ್ದರು. ಮಷೀನಿನ ಸದ್ದೂ ಇರಲಿಲ್ಲ.

"ಬರ್ರಿ ಮೇಡಂ. ಇವತ್ತ ನಿಮ್ಮ ಕೆಲಸಾ ಹಗರ ಆತು ನೋಡ್ರಿ," ಎಂದರು. "ಬಿಳಿ ಅಕ್ಕಿ ಹೊರಗ ಕಳಿಸೂದು ಸರ್ಕಾರದವ್ರು ಬಂದ್ ಮಾಡ್ಯಾರ. ಇಲ್ಲಿ ರೇಟ್ ಏರಬಾರ್ದು ಅಂತ. ಅಲ್ಲಿಯವ್ರು ತಡೀತಾರೇನು ಅಂತ ನೀವು ಕೇಳಾಕತ್ತಿದ್ರಿ. ಈಗ ನಮ್ಮ ಬಾಗಲಾನ ಹಾಕ್ಯಾರ."

ಅಂಗಳದಲ್ಲಿ ಕೊಲ್ಲಿ ದೇಶಕ್ಕೆಂದು ತುಂಬಿಟ್ಟ ಸಣ್ಣ ಚೀಲಗಳ ರಾಶಿ. ಮೇಲೆ ಅರಬಿ ಅಕ್ಷರ ಅಚ್ಚಾಗಿತ್ತು. ಆ ಚೀಲದಲ್ಲಿ ಅಕ್ಕಿಯನ್ನು ಇಲ್ಲಿ ಕೊಳ್ಳುವವರಿಲ್ಲ. ಹೆಂಗಸರು ಸಾಲಾಗಿ ಕೂತು ತಾವೇ ಹೊಲಿದ ದಾರವನ್ನು ಕತ್ತರಿಸಿ, ಅಕ್ಕಿಯನ್ನು ಸಾದಾ ಚೀಲಕ್ಕೆ ಸುರಿಯುತ್ತಿದ್ದರು. ಕೇಳುವುದು ಏನೂ ಉಳಿದಿರಲಿಲ್ಲ. ಕೋಣೆಗೆ ಹಿಂತಿರುಗಲು ಮನಸ್ಸಾಗಲಿಲ್ಲ. ಹೋಗಿ ಒಬ್ಬಳ ಪಕ್ಕ ಕೂತು ನಾನೂ ದಾರ ಬಿಚ್ಚತೊಡಗಿದೆ.

"ಈ ಧೂಳಿ ನಿಮಗ್ಯಾಕ ಬೇಕ್ರಿ, ಅಕ್ಕೋರೆ?" ಎಂದಳು. ಕೊಡೇಕಲ್ ಕಡೆಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು.

"ಬ್ಯಾರೆ ಕೆಲಸಿಲ್ಲವ್ವಾ," ಎಂದೆ.

ಇನ್ನೊಂದು ಚೀಲ ಸುರಿದು ಅವಳೇ ಹೇಳಿದಳು. "ನನ್ನ ತಮ್ಮ ದುಬೈದಾಗ ಅದಾನ್ರಿ, ಹೋಟೆಲಿನ ಅಡಗಿ ಮನ್ಯಾಗ. ಹೊಲಿಯುವಾಗೆಲ್ಲಾ ಅನ್ಕೊಂತಿದ್ದೆ, ಇದರಾಗ ಒಂದು ಚೀಲಾ ಆದ್ರೂ ಅವನ ಕೈಗೆ ಸಿಗತದ ಅಂತ. ಇನ್ನ ಅವ ಏನ್ ಉಣ್ತಾನೋ ಏನೋ."

ಅವತ್ತು ತಮ್ಮನಿಗೆ ರಜೆ. ಮಧ್ಯಾಹ್ನ ಅವನ ಫೋನ್ ಬಂತು. ಅವಳು ಅಕ್ಕಿ ನಿಂತ ಸುದ್ದಿ ಹೇಳಿ, "ಇಲ್ಲಿ ಒಬ್ರು ಅಕ್ಕೋರು ಅದಾರ, ಎಲ್ಲಾ ತಿಳದವ್ರು, ಮಾತಾಡು," ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಹೆಂಗಸರ ಮಾತಿನ ಗಲಾಟೆಯಲ್ಲಿ ಕೇಳಿಸದೆ ಅಂಗಳದ ಗೋಡೆಯ ಆ ಬದಿಗೆ ಹೋದೆ.

"ಊಟಾ ಆತೇನ್ರಿ, ಅಕ್ಕೋರೆ?" ಅದು ಅವನ ಮೊದಲ ಮಾತು.

ಆ ಮಾತನ್ನು ನನ್ನನ್ನು ಕೇಳುತ್ತಿದ್ದವಳು ಅವ್ವ ಒಬ್ಬಳೇ. "ಇನ್ನಾ ಇಲ್ಲಪ್ಪಾ," ಎಂದೆ.

ಅವನು ದನಿ ತಗ್ಗಿಸಿದ. "ಇಲ್ಲಿ ಎಲ್ಲಾ ಬಿರಿಯಾನಿ ಅಕ್ಕಿರಿ, ಉದ್ದಂದು. ನಮ್ಮ ಕಡೆ ಅಕ್ಕಿ ನಾ ಇಲ್ಲಿ ನೋಡೇ ಇಲ್ಲ. ಆದ್ರ ಊರ ಅಕ್ಕಿನೇ ಉಣ್ಣಾಕತ್ತೀನಿ ಅಂತ ಅಕ್ಕಗ ಹೇಳೀನ್ರಿ. ನೀವು ಹೇಳಬ್ಯಾಡ್ರಿ."

"ಹೇಳೂದಿಲ್ಲಪ್ಪಾ."

ಹಿಂದಿರುಗಿದಾಗ ಅವಳು ಕಾತರದಿಂದ ಕೇಳಿದಳು. "ಏನಂದಾನ್ರಿ?"

"ಊಟಾ ಆತೇನು ಅಂತ ಕೇಳಿದ."

ಅವಳು ಜೋರಾಗಿ ನಕ್ಕಳು. "ಅವಂದು ಯಾವಾಗಲೂ ಅದೇ ಮಾತ್ರಿ." ಬುತ್ತಿಯ ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿ ಪಲ್ಯ ನನ್ನ ಮುಂದಿಟ್ಟಳು. ಉಣ್ಣುತ್ತ ಉಣ್ಣುತ್ತ ಕೇಳಿದಳು: ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ಅವ್ವನಿಗೆ ಏನಾಗಿತ್ತು. ಹೇಳಿದೆ. ಅವ್ವನ ಬಗ್ಗೆ ಅಷ್ಟು ಹೊತ್ತು ನಾನು ಯಾರೊಂದಿಗೂ ಮಾತಾಡಿರಲಿಲ್ಲ. ಅವಳು ಕೇಳುತ್ತಲೇ ಇನ್ನೊಂದು ರೊಟ್ಟಿ ಹಾಕಿದಳು.

ವರದಿಯಲ್ಲಿ ಆ ಮಿಲ್ಲಿನ ಎದುರು 'ಮಾರುಕಟ್ಟೆ ಪ್ರವೇಶವಿಲ್ಲ' ಎಂದು ಬರೆದು ಕಳಿಸಿದೆ. ಕೆಲವು ವಾರಗಳಲ್ಲಿ ಕೆಲಸ ಮುಗಿಯಿತು. ಕೋಣೆ ಬಿಟ್ಟು ಸುರಪುರಕ್ಕೆ ಮರಳಿದೆ.

ವರ್ಷದ ಮೇಲಾದ ಮೇಲೆ ನಿಷೇಧ ತೆಗೆದರು. ಮೊಬೈಲಿನಲ್ಲಿ ಓದಿದಾಗ ಖುಷಿಯಾಯಿತು, ಮನೆಯಲ್ಲಿ ಯಾರಿಗೆ ಹೇಳಲಿ? ಮರುದಿನ ಬೆಳಿಗ್ಗೆ ಹುಣಸಗಿ ಬಸ್ಸು ಹತ್ತಿದೆ. ಮಿಲ್ಲು ಭರ್ಜರಿಯಾಗಿ ನಡೆದಿತ್ತು. ಹೊಸ ಚೀಲಗಳನ್ನು ಲಾರಿಗೆ ಏರಿಸುತ್ತಿದ್ದರು. ಹೊಲಿಯುತ್ತಿದ್ದ ಹೆಂಗಸರಲ್ಲಿ ನನಗೆ ಗುರುತಿನ ಮುಖವಿರಲಿಲ್ಲ. ಕೊಡೇಕಲ್ ಕಡೆಯವಳು ಎಲ್ಲಿ ಎಂದು ಕೇಳಿದೆ.

"ಆಕಿ ಗಂಡನ ಕೂಡ ಹೈದರಾಬಾದಿಗೆ ಹೋಗ್ಯಾಳ್ರಿ, ಕಟ್ಟಡದ ಕೆಲಸಕ್ಕ," ಎಂದರು ಮಾಲೀಕರು. "ನಂಬರ್ ಯಾರ ಹಂತ್ಯಾಕೂ ಇಲ್ಲ. ಕೂಡ್ರಿ ಮೇಡಂ, ಚಹಾ ತೊಗೊಂಡು ಹೋಗೀರಂತ."

ಚಹಾ ಕುಡಿದೆ. ವ್ಯಾಪಾರ ಚೆನ್ನಾಗಿದೆ ಎಂದು ಅವರು ಬಹಳ ಹೊತ್ತು ಹೇಳಿದರು. ನಾನು ಹೂಂಗುಟ್ಟಿದೆ. ಆಮೇಲೆ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಬಸ್ ನಿಲ್ದಾಣದ ಕಡೆ ನಡೆದೆ.