ನಾಗಸಾಕಿಯ ಓರೆ ಲಿಫ್ಟು

ಡಾಕ್ಟರು ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನು — ಡಾಕ್ಟರ ಹೆಸರು ಹೇಳಿ ಒಡಹುಟ್ಟಿದ ಅಕ್ಕನಿಗೆ ಸುಳ್ಳು ಹೇಳಿದವಳು. ಆರು ವರ್ಷವಾಯಿತು.

ಅಕ್ಕ ಭದ್ರಾವತಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು. ಜಪಾನಿನ ನಾಗಸಾಕಿ ಎಂದರೆ ಅವಳಿಗೆ ಹುಚ್ಚು. ಬಾಂಬು ಬಿದ್ದ ಊರು ಎಂದಷ್ಟೇ ನನಗೆ ಗೊತ್ತಿತ್ತು. ಅವಳಿಗೆ ಅದು ಪೋರ್ಚುಗೀಸರು, ಡಚ್ಚರು, ಚೀನಿಯರು ಹಡಗಿನಲ್ಲಿ ಬಂದಿಳಿದು ಒಬ್ಬೊಬ್ಬರೂ ಏನಾದರೊಂದು ಬಿಟ್ಟುಹೋದ ಬಂದರು. "ನಮ್ಮ ಭದ್ರಾವತಿ ಥರಾನೇ ಕಣೇ. ಕಾರ್ಖಾನೆಗೆ ಅಂತ ತಮಿಳ್ರು ಬಂದ್ರು, ತೆಲುಗ್ರು ಬಂದ್ರು. ಈಗ ನಮ್ಮನೆ ಸಾರು ಯಾರ ಸಾರು ಅಂತ ಹೇಳೋಕಾಗುತ್ತಾ?" ಎನ್ನುತ್ತಿದ್ದಳು.

ಶಿವಮೊಗ್ಗದ ನಮ್ಮ ವಿನೋಬನಗರದಿಂದ ಒಂದು ಗುಂಪು ಜಪಾನಿಗೆ ಹೊರಟಾಗ ಇಬ್ಬರೂ ಹೆಸರು ಕೊಟ್ಟೆವು. ಅಷ್ಟರಲ್ಲಿ ಅಕ್ಕನ ಮಂಡಿ ಕೈಕೊಟ್ಟಿತು. ದುರ್ಗಿಗುಡಿಯ ಮೂಳೆ ಡಾಕ್ಟರ ಹತ್ತಿರ ಕರೆದೊಯ್ದೆ. ಅಕ್ಕ ಬ್ಯಾಂಡೇಜು ಸುತ್ತಿಸಿಕೊಳ್ಳಲು ಪಕ್ಕದ ಕೋಣೆಗೆ ಹೋಗಿದ್ದಾಗ ಅವರು ನನಗೆ ಹೇಳಿದರು: "ಧಾರಾಳವಾಗಿ ಹೋಗಿಬನ್ನಿ. ವೀಲ್‌ಚೇರ್ ಒಂದಿರಲಿ. ತಳ್ಳೋಕೆ ನೀವಿದ್ದೀರಲ್ಲ."

ತಳ್ಳೋಕೆ ನೀವಿದ್ದೀರಲ್ಲ — ಆ ಮಾತೇ ನನಗೆ ಮುಳ್ಳಾಯಿತು. ನಾಗಸಾಕಿಯಲ್ಲಿ ಗುಡ್ಡದ ಮೇಲೆ ಗುಡ್ಡ, ಎಲ್ಲಿ ನೋಡಿದರೂ ಏರುದಾರಿ ಎಂದು ಅಕ್ಕನೇ ಹೇಳಿದ್ದಳು. ಚಿಕ್ಕಂದಿನಿಂದ ಅವಳ ಹಿಂದೆ ಹಿಂದೆಯೇ ಓಡಾಡಿದವಳು ನಾನು. ಒಂದು ಸಲವಾದರೂ ಕೈಬೀಸಿಕೊಂಡು ನಡೆಯಬೇಕು ಅನ್ನಿಸಿತು. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ. ರಸ್ತೆಗೆ ಬಂದ ಮೇಲೆ ಹೇಳಿದೆ, "ಬೇಡ ಅಂದ್ರು ಅಕ್ಕ. ಅಷ್ಟು ಹೊತ್ತು ವಿಮಾನದಲ್ಲಿ ಕೂತ್ರೆ ಕಾಲೇ ಹೋಗುತ್ತಂತೆ."

ಅವಳು ಗುಂಪಿನಿಂದ ತನ್ನ ಹೆಸರು ತೆಗೆಸಿದಳು. ಹೊರಡುವ ಹಿಂದಿನ ದಿನ ನನ್ನನ್ನು ಭದ್ರಾವತಿಗೆ ಕರೆಸಿ ಮಡಿಲು ತುಂಬಿದಳು. ಅವಳಿಗೆ ಬಗ್ಗಲಾಗದು, ನಾನು ಮಣೆಯ ಮೇಲೆ ಕೂತರೆ ಎಟುಕದು — ಹಾಗಾಗಿ ಅವಳ ಕುರ್ಚಿಯ ಮುಂದೆ ಮಂಡಿಯೂರಿ ಸೆರಗೊಡ್ಡಿದೆ. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ. "ನನ್ನ ಪಾಲಿಂದೂ ನೋಡ್ಕೊಂಡು ಬಾ ಮಾರಾಯ್ತಿ," ಎಂದಳು. ಮೋಸಹೋದವಳ ಕೈಯಿಂದಲೇ ಮಡಿಲು ತುಂಬಿಸಿಕೊಂಡು ಎದ್ದೆ. ಆಗಲೂ ಹೇಳಲಿಲ್ಲ.

ನಾಗಸಾಕಿ — ಏನು ಹೇಳಲಿ! ಕೆಂಪು ಬಾಗಿಲಿನ ಚೀನೀ ದೇವಸ್ಥಾನ ನೋಡಿ ಟ್ರಾಮು ಹತ್ತಿದರೆ ಸ್ವಲ್ಪ ದೂರದಲ್ಲೇ ಬಣ್ಣದ ಗಾಜಿನ ಚರ್ಚು. ಅದರ ಮಗ್ಗುಲಲ್ಲೇ ಬೌದ್ಧರ ಗುಡಿ. ಡಚ್ಚರ ಹೆಸರಿನ ಕಲ್ಲುಹಾಸಿನ ಏರು. ಪೋರ್ಚುಗೀಸರಿಂದ ಕಲಿತ ಕೇಕನ್ನು ಜಪಾನಿ ಹೆಂಗಸೊಬ್ಬಳು ತನ್ನ ಅಜ್ಜಿಯ ಕಾಲದ ತಿಂಡಿಯೆಂಬಂತೆ ಕೊಯ್ದುಕೊಟ್ಟಳು. ಮೊಟ್ಟೆ ಹಾಕಿದೆಯೆಂದು ನಾನು ಮೂಸಿ ನೋಡಿ ಬಿಟ್ಟೆ. ಅಷ್ಟು ಬೆಂದ ಊರು ಇಷ್ಟನ್ನೆಲ್ಲ ಉಳಿಸಿಕೊಂಡಿದೆಯಲ್ಲ ಎಂದು ಕಣ್ಣು ತುಂಬಿ ಬಂತು.

ಬಂದರಿನ ಮೇಲಿನ ಗುಡ್ಡ ಹತ್ತಲು ಸೆರಗು ಸಿಕ್ಕಿಸಿಕೊಂಡು ತಯಾರಾದೆ. ನೋಡಿದರೆ ಎದುರಿಗೆ ಲಿಫ್ಟು! ಗುಡ್ಡದ ಇಳಿಜಾರಿನಲ್ಲೇ ಓರೆಯಾಗಿ ಹತ್ತುವ ಲಿಫ್ಟು. ಅಲ್ಲಿನ ಮುದುಕರು ತರಕಾರಿ ಚೀಲ ಹಿಡಿದು ಅದರಲ್ಲೇ ಹತ್ತಿಳಿಯುತ್ತಾರೆ. ನನ್ನ ಜೊತೆ ಗಾಲಿಕುರ್ಚಿಯ ಅಜ್ಜಿಯೊಬ್ಬಳು ಒಳಗೆ ಬಂದಳು — ಒಬ್ಬಳೇ, ತಳ್ಳುವವರಿಲ್ಲದೆ. ಮೇಲೆ ಅವಳ ಪಕ್ಕದಲ್ಲೇ ನಿಂತು ನೋಡಿದೆ. ಕೆಳಗೆ ಇಡೀ ಬಂದರು, ಹಡಗುಗಳು, ಸುತ್ತ ಹಸಿರು ಗುಡ್ಡ, ಗುಡ್ಡದ ತುಂಬ ಮನೆಗಳು. ಅಂಥದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅಕ್ಕ ಇಲ್ಲಿ ಇರಬೇಕಿತ್ತು — ಇರಬಹುದಿತ್ತು.

ಅಲ್ಲಿಗಾದರೂ ನನ್ನ ತಪ್ಪು ಮುಗಿಯಬೇಕಿತ್ತು. ಊರಿಗೆ ಬಂದ ಮೇಲೆ ಅಕ್ಕ ಒಂದೊಂದೇ ಫೋಟೋ ನೋಡಿ ಕೊನೆಗೆ ಕೇಳಿದಳು: "ನನ್ನಂಥೋರಿಗೆ ಹತ್ತೋಕಾಗ್ತಿತ್ತೇನೇ ಅಲ್ಲಿ?"

"ಇಲ್ಲಕ್ಕ. ಎಲ್ಲಾ ಬರೀ ಮೆಟ್ಟಿಲು."

"ಸದ್ಯ! ನಾನು ಬಂದಿದ್ರೆ ನಿಂಗೂ ಏನೂ ನೋಡೋಕಾಗ್ತಿರ್ಲಿಲ್ಲ ಬಿಡು," ಎಂದು ನನ್ನ ಬೆನ್ನು ಸವರಿದಳು.

ಮೊದಲ ಸುಳ್ಳಿಗೆ ಸ್ವಾರ್ಥ ಎನ್ನಬಹುದು. ಎರಡನೆಯದಕ್ಕೆ — ಏನೆನ್ನಬೇಕೋ ತಿಳಿಯದು. ಈಗ ಅವಳು ಹಾಸಿಗೆ ಬಿಟ್ಟು ಏಳುವುದಿಲ್ಲ. ಆ ಊರನ್ನು ಇನ್ನು ತೋರಿಸಲಾರೆ. ಲಿಫ್ಟಿನ ಫೋಟೋ ಮಾತ್ರ ಅವಳಿಗೆ ಕಾಣದಂತೆ ಇಷ್ಟು ವರ್ಷ ಮೊಬೈಲಿನಲ್ಲಿ ಬಚ್ಚಿಟ್ಟುಕೊಂಡಿದ್ದೇನೆ.

ನಾಳೆ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತುತ್ತೇನೆ. ಅದನ್ನು ಅವಳ ಕೈಗೆ ಕೊಟ್ಟು, ಅಂದು ಡಾಕ್ಟರು ಹೇಳಿದ್ದೇನೆಂದು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಎದ್ದು ಹೋಗು ಎಂದರೆ ಹೋಗುತ್ತೇನೆ. ಅವಳು ಬೈಯದೇ ಇದ್ದುಬಿಟ್ಟರೆ — ಅದೊಂದೇ ನನ್ನ ಹೆದರಿಕೆ.